ಪತ್ರಿಕೆಯ ಪಿತಾಮಹನೊಳಗೊಬ್ಬ ವೇದಪಾಠದ ಗುರು: ಹರ್ಮನ್ ಮೊಗ್ಲಿಂಗ್

ಜುಲೈ 1 ಬಂದಿತೆಂದರೆ ಕರ್ನಾಟಕದ ಪತ್ರಿಕಾ ಬಳಗಕ್ಕೆ ಒಂದು ಹೆಸರು ನೆನಪಾಗುತ್ತದೆ. 1843ರ ಆ ದಿನ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ‘ಮಂಗಳೂರ ಸಮಾಚಾರ’ ಎಂಬ ನಾಲ್ಕು ಪುಟಗಳ ಪಾಕ್ಷಿಕ ಹೊರಬಂದಿತು. ಕನ್ನಡದ ಮೊದಲ ಪತ್ರಿಕೆ ಎಂಬ ಮನ್ನಣೆ ಅದಕ್ಕೆ ದೊರೆತಿದೆ. ಅದರ ಸಂಪಾದಕರು ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್. ಅಂದು ಅವರಿಗೆ ಮೂವತ್ತೆರಡು ವರ್ಷ. ಸಭಾಂಗಣಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಕನ್ನಡ ಪತ್ರಿಕೋದ್ಯಮದ ಪಿತಾಮಹನೆಂದು ಕೊಂಡಾಡುವುದು ರೂಢಿಯಾಗಿದೆ.

ಆದರೆ ಮೊಗ್ಲಿಂಗ್ ಹಡಗು ಹತ್ತಿ ಬಂದದ್ದು ಪತ್ರಿಕೆ ನಡೆಸಲು ಅಲ್ಲ. ಅವರು ದೇವಶಾಸ್ತ್ರ ಓದಿದವರು; ಸತ್ಯವೇದವನ್ನು ಕಲಿಸಲೆಂದು ಬಂದವರು. ಪತ್ರಿಕೆ, ಗಾದೆಗಳ ಸಂಗ್ರಹ, ಪ್ರಾಚೀನ ಕನ್ನಡ ಕಾವ್ಯಗಳ ಮುದ್ರಣ, ಕೊಡಗಿನ ಇತಿಹಾಸ ಇವೆಲ್ಲವೂ ಹುಟ್ಟಿಕೊಂಡದ್ದು ಅವರ ಪಾಠದ ಕೋಣೆಯ ಅಗತ್ಯಗಳಿಂದ. ಆ ಪಾಠದ ಕೋಣೆಯನ್ನು ಬಿಟ್ಟು ಅವರ ಬದುಕನ್ನು ಹೇಳಿದರೆ ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ.

ಬ್ರಾಕೆನ್‌ಹೈಮ್‌ನಿಂದ ಮಂಗಳೂರಿಗೆ

ಮೊಗ್ಲಿಂಗ್ ಜನಿಸಿದ್ದು 1811ರ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಸಂಸ್ಥಾನದ ಬ್ರಾಕೆನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಲ್ಯಾಟಿನ್ ಶಾಲೆಯ ಉಪಾಧ್ಯಾಯರು. ಮನೆಯಲ್ಲಿ ಪುಸ್ತಕಕ್ಕೂ ಪ್ರಾರ್ಥನೆಗೂ ಕೊರತೆಯಿರಲಿಲ್ಲ. ಕಿರಿಯ ಸೋದರ ಥಿಯೋಡೋರ್ ಹಿಡಿದ ಹಾದಿ ಬೇರೆ. ಕೃಷಿಶಾಸ್ತ್ರದ ಶಿಕ್ಷಕರಾಗಿದ್ದ ಅವರು 1848-49ರ ಬಾಡೆನ್ ಕ್ರಾಂತಿಯಲ್ಲಿ ಧುಮುಕಿ, ಗಾಯಗೊಂಡು ಸೆರೆಮನೆ ಸೇರಿದರು. ಒಬ್ಬ ಮಗ ಅರಸೊತ್ತಿಗೆಯ ವಿರುದ್ಧ ನಿಂತ. ಇನ್ನೊಬ್ಬ ಸಾವಿರಾರು ಹರಿದಾರಿ ದೂರದ ಕರಾವಳಿಯಲ್ಲಿ ಮಕ್ಕಳಿಗೆ ಪಾಠ ಹೇಳಿದ. ಇಬ್ಬರಲ್ಲೂ ನಂಬಿದ್ದಕ್ಕಾಗಿ ಎಲ್ಲವನ್ನೂ ಪಣಕ್ಕೊಡ್ಡುವ ಒಂದೇ ಬಗೆಯ ಹಟವಿತ್ತು.

ಹರ್ಮನ್ ದೇವಶಾಸ್ತ್ರವನ್ನು ಅಭ್ಯಾಸ ಮಾಡಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ. ಆ ಕಾಲದಲ್ಲಿ ಅದು ತೀವ್ರ ವಾಗ್ವಾದಗಳ ಕೇಂದ್ರ. ಅಲ್ಲಿ ಬೋಧಿಸುತ್ತಿದ್ದ ಡೇವಿಡ್ ಫ್ರೆಡ್ರಿಕ್ ಸ್ಟ್ರಾಸ್ ಅವರು ಯೇಸುವಿನ ಚರಿತ್ರೆಯನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚಿ 1835ರಲ್ಲಿ ಪ್ರಕಟಿಸಿದ ಗ್ರಂಥ ಯುರೋಪಿನ ಚರ್ಚುಗಳನ್ನೇ ಅಲುಗಾಡಿಸಿತು. ಇಂಥ ವಾತಾವರಣದಲ್ಲಿ ಓದಿದ ತರುಣನಿಗೆ ಸ್ವದೇಶದಲ್ಲೇ ಸಭಾಪಾಲಕನ ಹುದ್ದೆಯೂ ನೆಮ್ಮದಿಯ ಬಾಳೂ ಕಾದಿದ್ದವು. ಆತ ಆರಿಸಿಕೊಂಡದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು.

1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆಯ ನಂತರ. ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಹಾಗೂ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರನ್ನು ಸೇರಿಕೊಂಡರು. ಅವರ ಬೆನ್ನಿಗೆ, 1836ರ ಕೊನೆಯಲ್ಲಿ, ಇಪ್ಪತ್ತೈದರ ಹರೆಯದ ಮೊಗ್ಲಿಂಗ್ ಬಂದರು. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಮೂರು ದಶಕಗಳಿದ್ದ ಕಾಲವದು. ಹಡಗು ಹತ್ತಿದವನು ಮತ್ತೆ ತವರನ್ನು ಕಾಣುವನೆಂಬ ಭರವಸೆಯಿರಲಿಲ್ಲ. ಸೆಕೆ, ಜ್ವರ, ಅತಿಸಾರಗಳಿಗೆ ಬಲಿಯಾದ ಸಹೋದ್ಯೋಗಿಗಳ ಸಾಲು ಚಿಕ್ಕದಲ್ಲ.

ಗುರುವೇ ವಿದ್ಯಾರ್ಥಿಯಾದಾಗ

ಮಿಷನ್ ನಡೆಸುತ್ತಿದ್ದ ವಸತಿ ಶಾಲೆಯ ಹೊಣೆ ಬೇಗನೆ ಮೊಗ್ಲಿಂಗ್ ಅವರ ಪಾಲಿಗೆ ಬಂದಿತು. ಉಪದೇಶಿಗಳನ್ನು ಸಿದ್ಧಪಡಿಸುವ ತರಗತಿಗಳು ಅದರೊಂದಿಗೆ ಬೆಳೆದವು. ಮುಂದೆ ಅವೇ ದೇವಶಾಸ್ತ್ರದ ಸೆಮಿನರಿಯ ರೂಪ ತಾಳಿದವು. ಜರ್ಮನ್ ಗುರು, ಕನ್ನಡ ಮತ್ತು ತುಳು ಮನೆಮಾತಿನ ಹುಡುಗರು, ನಡುವೆ ಹೀಬ್ರೂ ಹಾಗೂ ಗ್ರೀಕ್ ಮೂಲದ ಒಂದು ಗ್ರಂಥ. ಇದನ್ನು ಯಾವ ಭಾಷೆಯಲ್ಲಿ ಕಲಿಸುವುದು?

ಇಂಗ್ಲಿಷ್ ಸುಲಭದ ದಾರಿಯಾಗಿತ್ತು. ಸರಕಾರಿ ನೌಕರಿಯ ಆಸೆಯಿಂದ ಅದನ್ನು ಕಲಿಯಲು ಪಟ್ಟಣದ ಮೇಲ್ವರ್ಗದ ಕುಟುಂಬಗಳೂ ಮುಂದೆ ಬರುತ್ತಿದ್ದವು. 1838ರಲ್ಲಿ ಮಿಷನ್ನಿನ ಇಂಗ್ಲಿಷ್ ಶಾಲೆಯೂ ಆರಂಭವಾಯಿತು. ಆದರೆ ಸತ್ಯವೇದದ ಪಾಠಕ್ಕೆ ಕನ್ನಡವೇ ಬೇಕೆಂಬುದು ಮೊಗ್ಲಿಂಗ್ ಅವರ ನಿಲುವು. ಪರಭಾಷೆಯಲ್ಲಿ ಬಾಯಿಪಾಠವಾದದ್ದು ನಾಲಗೆಯಲ್ಲೇ ಉಳಿಯುತ್ತದೆ, ಮನೆಮಾತಿನಲ್ಲಿ ಕೇಳಿದ್ದು ಮನಸ್ಸಿಗಿಳಿಯುತ್ತದೆ ಎಂಬ ನಂಬಿಕೆ ಅವರ ಎಲ್ಲ ಕೆಲಸಗಳ ಹಿಂದೆ ಕಾಣುತ್ತದೆ.

ಕನ್ನಡದಲ್ಲಿ ಸತ್ಯವೇದ ಅದಾಗಲೇ ಇತ್ತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಶ್ರಮಿಸಿ ಅನುವಾದಿಸಿದ್ದರು. ಆದರೆ ಅನುವಾದದ ಭಾಷೆಯೊಂದು, ಜನರ ಕಿವಿಗೆ ಒಗ್ಗಿದ ಭಾಷೆಯೊಂದು. ಪಾಪ, ಕೃಪೆ, ರಕ್ಷಣೆ, ಆತ್ಮ ಮುಂತಾದ ಒಂದೊಂದು ಪದಕ್ಕೂ ಈ ನೆಲದಲ್ಲಿ ಶತಮಾನಗಳ ಅರ್ಥವಿತ್ತು. ವೀರಶೈವರ ಬಾಯಲ್ಲಿ ಅದಕ್ಕೊಂದು ಬಣ್ಣ, ದಾಸರ ಪದಗಳಲ್ಲಿ ಇನ್ನೊಂದು. ಆ ಬಣ್ಣಗಳನ್ನರಿಯದೆ ಪಾಠ ಹೇಳಿದರೆ ಗುರು ಒಂದು ಹೇಳಿ ಶಿಷ್ಯ ಇನ್ನೊಂದು ತಿಳಿಯುವ ಅಪಾಯವಿತ್ತು. ಹಾಗಾಗಿ ಗುರು ಮೊದಲು ವಿದ್ಯಾರ್ಥಿಯಾಗಬೇಕಾಯಿತು. ಮೊಗ್ಲಿಂಗ್ ಗಾದೆಗಳನ್ನು ಕೂಡಿಹಾಕಿದರು. ದಾಸರ ಪದಗಳನ್ನು ಬರೆಸಿಕೊಂಡರು. ಓಲೆಗರಿಯ ಕಟ್ಟುಗಳನ್ನು ಹುಡುಕಿ ತರಿಸಿದರು.

ಕಲ್ಲಚ್ಚಿನ ನಾಲ್ಕು ಪುಟ

1841ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಅಚ್ಚುಮೊಳೆಗಳನ್ನು ಜೋಡಿಸುವ ಗೋಜಿಲ್ಲದ ವಿಧಾನವಿದು. ಲಿಪಿಕಾರನು ಜಿಡ್ಡಿನ ಮಸಿಯಿಂದ ಬರೆದದ್ದನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಅದರಿಂದ ಪ್ರತಿಗಳನ್ನು ತೆಗೆಯುತ್ತಿದ್ದರು. ಕೈಬರಹದ ಸೊಗಸೆಲ್ಲ ಅಚ್ಚಿನಲ್ಲೂ ಉಳಿಯುತ್ತಿತ್ತು. ಮೊದಲಿಗೆ ಇಲ್ಲಿ ಶಾಲಾಪುಸ್ತಕಗಳು, ಪ್ರಾರ್ಥನೆ ಮತ್ತು ಸಂಗೀತದ ಪುಸ್ತಕಗಳು, ಧಾರ್ಮಿಕ ಕಿರುಹೊತ್ತಗೆಗಳು ಅಚ್ಚಾದವು.

‘ಮಂಗಳೂರ ಸಮಾಚಾರ’ ಹುಟ್ಟಿದ್ದೂ ಇದೇ ಕಲ್ಲಿನ ಮೇಲೆ. ಒಂದು ದುಡ್ಡಿನ ಬೆಲೆಯ ಆ ಪತ್ರಿಕೆಯಲ್ಲಿ ಊರ ವರ್ತಮಾನವಿತ್ತು, ಸರಕಾರದ ಆದೇಶಗಳಿದ್ದವು, ಪರದೇಶಗಳ ಸುದ್ದಿಯಿತ್ತು, ನೀತಿಕಥೆಗಳಿದ್ದವು. ಧರ್ಮಪ್ರಚಾರಕನ ಪತ್ರಿಕೆಯೆಂದರೆ ಬರಿಯ ಧರ್ಮಬೋಧೆ ಇರಬೇಕಿತ್ತಲ್ಲವೇ? ಓದುವ ಅಭ್ಯಾಸವೇ ಇಲ್ಲದ ಊರಿನಲ್ಲಿ ಓದುಗನನ್ನು ಮೊದಲು ಸೃಷ್ಟಿಸಬೇಕೆಂಬ ಶಿಕ್ಷಕನ ವಿವೇಕ ಇಲ್ಲಿ ಕೆಲಸ ಮಾಡಿದಂತಿದೆ. ಪತ್ರಿಕೆಗೆ ಬೇಡಿಕೆ ಬೆಳೆದಂತೆ 1844ರಲ್ಲಿ ಮುದ್ರಣವನ್ನು ಬಳ್ಳಾರಿಗೆ ವರ್ಗಾಯಿಸಲಾಯಿತು. ಹೆಸರು ‘ಕನ್ನಡ ಸಮಾಚಾರ’ವೆಂದಾಯಿತು. ಮಂಗಳೂರಿನಲ್ಲಿ ಅದು ಬದುಕಿದ್ದು ಒಂದು ವರ್ಷಕ್ಕೂ ಕಡಿಮೆ. ಅಷ್ಟು ಅಲ್ಪಾಯುಷಿಯಾದ ಪತ್ರಿಕೆಯೇ ಅದರ ಸಂಪಾದಕನ ಹೆಸರನ್ನು ಚಿರಸ್ಥಾಯಿಯಾಗಿಸಿತು.

ಒಂದು ದೀಕ್ಷೆ, ಒಡೆದ ಮನೆಗಳು

ಅದೇ 1844ರ ಜನವರಿಯಲ್ಲಿ ನಡೆದ ಘಟನೆಯೊಂದು ಮೊಗ್ಲಿಂಗ್ ಅವರ ಬಾಳಿನಲ್ಲಿ ಪತ್ರಿಕೆಗಿಂತ ದೊಡ್ಡದು. ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ತನ್ನಿಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದ. ಹದಿನೆಂಟರ ಆಸುಪಾಸಿನ ಆತ ಗುರುವಿನ ಹೆಸರನ್ನೇ ತನ್ನದಾಗಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ.

ಪಟ್ಟಣ ತಲ್ಲಣಿಸಿತು. ಇಂಗ್ಲಿಷ್ ಕಲಿಯಲೆಂದು ಕಳುಹಿಸಿದ ಮಗ ಕುಲವನ್ನೇ ತೊರೆದು ಬಂದರೆ ಯಾವ ತಾಯಿತಂದೆಯ ಎದೆ ಒಡೆಯದಿದ್ದೀತು? ಅಂದಿನ ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಹಾಗೆ ಹೊರಹೋದವನು ಮನೆಗೆ ಸತ್ತಂತೆ. ಬಾಲ್ಯದಲ್ಲೇ ವಿವಾಹವಾಗಿದ್ದ ಪತ್ನಿ ದೂರವಾದಳು. ಅನೇಕ ಕುಟುಂಬಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡವು. ವರ್ಷಗಟ್ಟಲೆ ಕಟ್ಟಿದ ವಿಶ್ವಾಸ ಕೆಲವೇ ದಿನಗಳಲ್ಲಿ ಕುಸಿಯಿತು.

ಮೊಗ್ಲಿಂಗ್ ಅವರ ಜೀವನವನ್ನು ನೋಡುವಾಗ ಈ ಅಧ್ಯಾಯವನ್ನು ಮರೆಮಾಚುವಂತಿಲ್ಲ. ಅವರ ಪಾಲಿಗೆ ಅದು ಆತ್ಮವೊಂದರ ಬಿಡುಗಡೆ; ಆ ಮನೆಗಳ ಪಾಲಿಗೆ ಅದು ಮಗನ ಅಗಲಿಕೆ. ಎರಡೂ ಸತ್ಯ. ಪಾಠ ಹೇಳುವವನಿಗೆ ತನ್ನ ಮಾತಿನ ಬಲ ಎಷ್ಟೆಂಬುದು ಸಂತೋಷದಿಂದಲೂ ಸಂಕಟದಿಂದಲೂ ಏಕಕಾಲಕ್ಕೆ ಅರಿವಾಗುವ ಗಳಿಗೆ ಅದು. ಆ ಗಳಿಗೆಯಲ್ಲಿ ಮೊಗ್ಲಿಂಗ್ ಕೈತೊಳೆದುಕೊಳ್ಳಲಿಲ್ಲ ಎಂಬುದನ್ನಷ್ಟೇ ಅವರ ಪರವಾಗಿ ಹೇಳಬಹುದು. ಮನೆ ಕಳೆದುಕೊಂಡ ಶಿಷ್ಯನಿಗೆ ಅವಿವಾಹಿತ ಗುರು ತಾನೇ ತಂದೆಯ ಸ್ಥಾನದಲ್ಲಿ ನಿಂತರು.

1846ರಲ್ಲಿ ಯುರೋಪಿಗೆ ತೆರಳಿದಾಗ ಆನಂದರಾವ್ ಅವರನ್ನು ಜೊತೆಗೆ ಕರೆದೊಯ್ದರು. ಬಾಸೆಲ್ಲಿನ ಮಿಷನ್ ವಿದ್ಯಾಲಯದಲ್ಲಿ ಜರ್ಮನ್ ಹಾಗೂ ಸ್ವಿಸ್ ತರುಣರ ಸಾಲಿನಲ್ಲಿ ಮಂಗಳೂರಿನ ಯುವಕ ಐದು ವರ್ಷ ದೇವಶಾಸ್ತ್ರ ಓದಿದರು. 1851ರಲ್ಲಿ ಬೋಧಕ ದೀಕ್ಷೆ ಪಡೆದು ಮಂಗಳೂರಿಗೆ ಮರಳಿದಾಗ ಅವರು ಯಾರ ಸಹಾಯಕರೂ ಆಗಿರಲಿಲ್ಲ. ಯುರೋಪಿಯನ್ನರಿಗೆ ಸರಿಸಮನಾದ ಮಿಷನರಿಯಾಗಿದ್ದರು. ತಾವು ಹುಟ್ಟಿದ ಊರಿನಲ್ಲೇ ಸೆಮಿನರಿಯ ಅಧ್ಯಾಪಕರಾದರು. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಣ ಗೋಡೆ ಎತ್ತರವಾಗಿದ್ದ ಆ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ.

ಕನ್ನಡ ಕಾವ್ಯಕ್ಕೆ ಅಚ್ಚಿನ ಭಾಗ್ಯ

ಯುರೋಪಿನಿಂದ ಹಿಂದಿರುಗಿದ ಮೊಗ್ಲಿಂಗ್ ಅವರ ಕೈಯಲ್ಲಿ 1848ರಿಂದ 1853ರವರೆಗೆ ನಡೆದ ಕೆಲಸ ಇನ್ನೊಂದು ಬೆರಗು. ‘ಬಿಬ್ಲಿಯೊತೆಕ ಕರ್ನಾಟಿಕ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಮೊದಲಾದ ಕೃತಿಗಳು ಕಲ್ಲಚ್ಚಿನಲ್ಲಿ ಹೊರಬಂದವು. ನಿವೃತ್ತ ಇಂಗ್ಲಿಷ್ ಅಧಿಕಾರಿ ಕ್ಯಾಸಮೇಜರ್ ಅವರ ಹಣದ ನೆರವು ಅದಕ್ಕೆ ದೊರೆತಿತ್ತು. ಅಲ್ಲಿಯವರೆಗೆ ಗಮಕಿಗಳ ಕಂಠದಲ್ಲಿ, ಮಠಮನೆಗಳ ಓಲೆಗರಿಯಲ್ಲಿ ಉಳಿದಿದ್ದ ಕನ್ನಡ ಕಾವ್ಯ ಕಾಗದದ ಪುಸ್ತಕವಾಗಿ ಜನರ ಕೈಗೆ ಬಂದಿತು.

ಒಬ್ಬ ಕ್ರೈಸ್ತ ಬೋಧಕ ವೀರಶೈವ ಪುರಾಣವನ್ನೂ ವೈಷ್ಣವ ಪದಗಳನ್ನೂ ಏಕೆ ಅಚ್ಚು ಹಾಕಿಸಬೇಕು? ಆ ಗ್ರಂಥಗಳ ನಂಬಿಕೆಗಳನ್ನು ಮೊಗ್ಲಿಂಗ್ ಒಪ್ಪಿದವರಲ್ಲ. ತನ್ನ ಧರ್ಮವೇ ಸತ್ಯವೆಂಬ ನಿಷ್ಠೆಯನ್ನು ಅವರು ಎಂದೂ ಸಡಿಲಿಸಲಿಲ್ಲ. ಆದರೂ ಈ ನಾಡಿನ ಮನಸ್ಸನ್ನು ತಿಳಿಯಬೇಕಾದರೆ ಅದರ ಕಾವ್ಯವನ್ನು ಗೌರವದಿಂದ ಓದಬೇಕೆಂಬುದನ್ನು ಪಾಠದ ಕೋಣೆ ಅವರಿಗೆ ಕಲಿಸಿತ್ತು. ಈ ಸೇವೆಯನ್ನು ಮನ್ನಿಸಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ದೇವಶಾಸ್ತ್ರ ಕಲಿತ ವಿಶ್ವವಿದ್ಯಾಲಯವೇ ಕನ್ನಡದ ಕೆಲಸಕ್ಕಾಗಿ ಪದವಿ ಕೊಟ್ಟದ್ದು ವಿಶೇಷ.

1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಇದೇ ದಾರಿಯನ್ನು ಮುಂದುವರಿಸಿದರು. 1894ರಲ್ಲಿ ಮಂಗಳೂರಿನ ಅದೇ ಮುದ್ರಣಾಲಯದಿಂದ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಮೊದಲ ತಲೆಮಾರಿನ ತಳಪಾಯ ಹಾಕಿದವರಲ್ಲಿ ಮೊಗ್ಲಿಂಗ್ ಪ್ರಮುಖರು.

ಕೊಡಗಿನ ಕರೆ

ಆರೋಗ್ಯ ಕೆಟ್ಟು ಮೊಗ್ಲಿಂಗ್ ಸ್ವದೇಶಕ್ಕೆ ಮರಳುವ ಸಿದ್ಧತೆಯಲ್ಲಿದ್ದರು. ಆಗ ಅಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವರು ಅವರ ಬಳಿ ಬಂದರು. ಸಂನ್ಯಾಸಿಯಾಗಿ ಅಲೆದು ಬಂದಿದ್ದ ಅವರು ದೀಕ್ಷಾಸ್ನಾನ ಪಡೆದು ಸ್ಟೆಫಾನಸ್ ಸೋಮಯ್ಯ ಎನಿಸಿದರು. ಹೊಸ ಧರ್ಮದೊಂದಿಗೆ ಹಳೆಯ ಊರಿಗೆ ಒಬ್ಬಂಟಿಯಾಗಿ ಮರಳಬೇಕಿದ್ದ ಆ ಮನುಷ್ಯನನ್ನು ಬಿಟ್ಟು ಹೊರಡಲು ಗುರುವಿಗೆ ಮನಸ್ಸಾಗಲಿಲ್ಲ. ಹಡಗಿನ ಪ್ರಯಾಣ ನಿಂತಿತು. 1853ರಲ್ಲಿ ಮೊಗ್ಲಿಂಗ್ ಘಟ್ಟ ಹತ್ತಿ ಕೊಡಗು ಸೇರಿದರು.

1834ರಲ್ಲಷ್ಟೇ ಬ್ರಿಟಿಷರ ವಶವಾಗಿದ್ದ ಆ ಪುಟ್ಟ ನಾಡಿನ ಇತಿಹಾಸ, ಜನಜೀವನಗಳನ್ನು ಕುರಿತು ಅವರು ಬರೆದ ‘ಕೂರ್ಗ್ ಮೆಮೊಯರ್ಸ್’ 1855ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ಕೊಡಗಿನ ಬಗ್ಗೆ ಬರೆಯುವವರು ಇಂದಿಗೂ ಅದನ್ನು ಕಡೆಗಣಿಸಲಾರರು.

ಅಷ್ಟರಲ್ಲಿ ಶಿಷ್ಯ ಕೌಂಡಿನ್ಯರೂ ಕೊಡಗಿನತ್ತ ಮುಖ ಮಾಡಿದ್ದರು. ತಲೆತಲಾಂತರದಿಂದ ಭೂಮಾಲೀಕರ ಜೀತದಲ್ಲಿದ್ದ ಹೊಲೆಯ ಸಮುದಾಯದ ಕುಟುಂಬಗಳು ಕ್ರೈಸ್ತಧರ್ಮದ ಕಡೆ ಬಂದಾಗ ಅವರಿಗೆ ನಿಲ್ಲಲು ನೆಲವಿರಲಿಲ್ಲ. 1850ರ ದಶಕದ ಕೊನೆಯಲ್ಲಿ ಕೌಂಡಿನ್ಯರ ಮುಂದಾಳ್ತನದಲ್ಲಿ ಕಾಫಿ ತೋಟದೊಂದಿಗೆ ಒಂದು ವಸತಿ ಎದ್ದಿತು. ಅದಕ್ಕೆ ಅವರದೇ ಹೆಸರು ಸೇರಿ ಆನಂದಪುರವೆಂದಾಯಿತು. ಅಸ್ಪೃಶ್ಯರ ನೆರಳೂ ಸೋಕಬಾರದೆಂಬ ನಿಯಮದಲ್ಲಿ ಹುಟ್ಟಿದ ಮನುಷ್ಯ ಅವರ ನಡುವೆ ನಿಂತು ಅವರಿಗಾಗಿ ಊರು ಕಟ್ಟಿಸಿದ್ದು ಗುರುಶಿಷ್ಯರಿಬ್ಬರ ಪಾಠಗಳಲ್ಲೆಲ್ಲ ಹೆಚ್ಚು ಕಾಲ ಉಳಿದ ಪಾಠವಿರಬಹುದು.

ತಡವಾಗಿ ಕೂಡಿಬಂದ ಸಂಸಾರ

ಮೊಗ್ಲಿಂಗ್ ಅವರ ಸ್ವಂತ ಸಂಸಾರದ ಕಥೆ ಅಗಲಿಕೆಯೊಂದರಿಂದ ಆರಂಭವಾಗುತ್ತದೆ. ಅವರ ಆಪ್ತ ಸಹೋದ್ಯೋಗಿ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಸತ್ಯವೇದದ ಪರಿಷ್ಕರಣೆಯಲ್ಲಿ ತಮ್ಮನ್ನು ತೇಯ್ದುಕೊಂಡವರು. 1855ರಲ್ಲಿ ಅವರು ತೀರಿಕೊಂಡಾಗ ಪತ್ನಿ ಪೌಲೀನ್ ಹಾಗೂ ಮಕ್ಕಳು ಪರದೇಶದಲ್ಲಿ ದಿಕ್ಕಿಲ್ಲದಂತಾದರು. ನಲವತ್ತು ದಾಟಿದ್ದ ಮೊಗ್ಲಿಂಗ್ ಪೌಲೀನ್ ಅವರನ್ನು ವರಿಸಿ, ಗೆಳೆಯನ ಮಕ್ಕಳಿಗೆ ತಂದೆಯಾದರು. ಮೊದಲು ಶಿಷ್ಯನಿಗೆ ತಂದೆ, ಅನಂತರ ಗೆಳೆಯನ ಮಕ್ಕಳಿಗೆ ತಂದೆ. ಅವರ ಕುಟುಂಬ ರಕ್ತಕ್ಕಿಂತ ಹೆಚ್ಚಾಗಿ ಹೊಣೆಗಾರಿಕೆಯಿಂದ ಕೂಡಿದ್ದು.

ಆ ನೆಮ್ಮದಿ ಇಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಮೊಗ್ಲಿಂಗ್ ಭಾರತವನ್ನು ಬಿಟ್ಟು ಹೊರಟರು. ಇಪ್ಪತ್ತಮೂರು ವರ್ಷಗಳಿಗೂ ಮಿಕ್ಕಿದ ಒಡನಾಟ ಅಲ್ಲಿಗೆ ಮುಗಿಯಿತು, ಮರಳಿ ಬರಲಾಗಲಿಲ್ಲ. ಕನ್ನಡನಾಡು ಮಾತ್ರ ಮನಸ್ಸಿನಿಂದ ಮಾಸಲಿಲ್ಲ. ಕೊಡಗನ್ನು ಕುರಿತ ಅವರ ಜರ್ಮನ್ ಗ್ರಂಥ ‘ದಾಸ್ ಕುರ್ಗ್‌ಲಾಂಡ್’ 1866ರಲ್ಲಿ ಹೊರಬಂದಿತು.

ಅದೇ 1860ರಲ್ಲಿ ಕೌಂಡಿನ್ಯರು ಜರ್ಮನ್ ಮಹಿಳೆ ಮಾರಿ ರೈನ್‌ಹಾರ್ಟ್ ಅವರನ್ನು ವಿವಾಹವಾದರು. ಗುರು ಅತ್ತ ಸಾಗಿದ ವರ್ಷವೇ ಶಿಷ್ಯನ ಮನೆ ಇತ್ತ ಬೆಳಗಿತು. ಕೌಂಡಿನ್ಯರು 1893ರಲ್ಲಿ ನಿಧನರಾಗುವವರೆಗಿನ ಬಾಳಿನ ಬಹುಭಾಗವನ್ನು ಬೋಧನೆಗೂ ಸತ್ಯವೇದದ ಕನ್ನಡಕ್ಕೂ ಮುಡಿಪಾಗಿಟ್ಟರು.

ಮೊಗ್ಲಿಂಗ್ 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ಕೊನೆಯುಸಿರೆಳೆದರು. ಎಪ್ಪತ್ತು ತುಂಬಲು ಮೂರು ವಾರವೂ ಇರಲಿಲ್ಲ. ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಅವರ ಹಳೆಯ ಗೆಳೆಯರು. ಮರುವರ್ಷವೇ ಗೆಳೆಯನ ಜೀವನಚರಿತ್ರೆ ಬರೆದವರೂ ಅವರೇ. ಅದೇ ಗುಂಡರ್ಟರ ಮೊಮ್ಮಗ, ‘ಸಿದ್ಧಾರ್ಥ’ ಬರೆದ ನೊಬೆಲ್ ಪುರಸ್ಕೃತ ಸಾಹಿತಿ ಹರ್ಮನ್ ಹೆಸ್ಸೆ. ಹೆಸ್ಸೆಯ ತಂದೆ ಯೋಹಾನ್ನೆಸ್ ಕೂಡ ತಾರುಣ್ಯದಲ್ಲಿ ಕೆಲಕಾಲ ಬಾಸೆಲ್ ಮಿಷನ್ನಿಗಾಗಿ ಈ ಕರಾವಳಿಯಲ್ಲಿ ದುಡಿದವರು.

ಉಳಿದದ್ದೇನು?

ಮಂಗಳೂರಿನ ಬಲ್ಮಠದ ಗುಡ್ಡದಲ್ಲಿ ಇಂದು ಕರ್ನಾಟಕ ಥಿಯಲಾಜಿಕಲ್ ಕಾಲೇಜಿದೆ. 1965ರಲ್ಲಿ ಈ ಹೆಸರು ಪಡೆದ ಆ ವಿದ್ಯಾಸಂಸ್ಥೆ ಹಳೆಯ ಸೆಮಿನರಿಯ ಪರಂಪರೆಗೆ ಸೇರಿದ್ದು. ಬಾಸೆಲ್ ಮಿಷನ್ನಿನ ಹಳೆಯ ಪುಸ್ತಕಗಳೂ ಕಡತಗಳೂ ಅಲ್ಲಿನ ಸಂಗ್ರಹದಲ್ಲಿವೆ. ಕನ್ನಡದಲ್ಲಿ ಸತ್ಯವೇದ ಕಲಿಸುವ ಕಾಯಕ ಕೌಂಡಿನ್ಯರ ತಲೆಮಾರನ್ನೂ ದಾಟಿ ಮುಂದೆ ನಡೆದು ಬಂದಿದೆ.

ಮೊಗ್ಲಿಂಗ್ ಅವರನ್ನು ಕೊಂಡಾಡುವವರು ಅವರ ಕನ್ನಡವನ್ನು ಮಾತ್ರ ಕಾಣುತ್ತಾರೆ. ಟೀಕಿಸುವವರು ಅವರ ಮತಪ್ರಚಾರವನ್ನು ಮಾತ್ರ. ಎರಡನ್ನೂ ಬೇರ್ಪಡಿಸಲಾಗದು. ನಂಬಿಕೆಯಿಲ್ಲದಿದ್ದರೆ ಅವರು ಈ ತೀರಕ್ಕೆ ಬರುತ್ತಲೇ ಇರಲಿಲ್ಲ. ಕಲಿಸುವ ಹಂಬಲವಿಲ್ಲದಿದ್ದರೆ ಕನ್ನಡಕ್ಕೆ ಇಷ್ಟು ಆಳವಾಗಿ ಇಳಿಯುತ್ತಲೂ ಇರಲಿಲ್ಲ. ಒಂದು ಗ್ರಂಥವನ್ನು ಕಲಿಸಲೆಂದು ಬಂದ ಮೇಷ್ಟ್ರು ಕಲಿಸುವ ಸಲುವಾಗಿ ಇನ್ನೊಂದು ನಾಡಿನ ಗ್ರಂಥಗಳನ್ನೆಲ್ಲ ಕಲಿತರು. ಕಲಿತದ್ದನ್ನು ಅಚ್ಚು ಹಾಕಿಸಿ ಆ ನಾಡಿಗೇ ಮರಳಿ ಕೊಟ್ಟರು. ಜುಲೈ 1ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುವಾಗ ಸಂಪಾದಕನ ಜೊತೆಗೆ ಆ ಮೇಷ್ಟರನ್ನೂ ನೆನೆದರೆ ಆ ಸ್ಮರಣೆ ಪೂರ್ಣವಾದೀತು.